ಕಂಬಳಿಗೂ ಮುಂಚೆ ನೆಲ

ಪ್ರತಿ ಜನವರಿಗೂ ಹೆಚ್ಚುಕಡಿಮೆ ಒಂದೇ ಫೋಟೋ ಬರುತ್ತದೆ. ಸಿರಿಯಾದ ಇದ್ಲಿಬ್ ಇರಬಹುದು, ಲೆಬನಾನಿನ ಬೆಕಾ ಕಣಿವೆ ಇರಬಹುದು. ಹಿಂದೆ ಯುದ್ಧಕ್ಕೆ ಮನೆ ಬಿಟ್ಟ ಸಿರಿಯನ್ನರ ಡೇರೆಗಳ ಸಾಲು, ಕಾಲ ಕೆಳಗೆ ಕೆಸರು, ಮುಂದೆ ಬೂದು ಬಣ್ಣದ ಕಂಬಳಿಯ ಕಟ್ಟು ಹೊತ್ತ ಹೆಂಗಸು. ಫೋಟೋದ ಅಡಿಯಲ್ಲಿ ಒಂದು ಸಾಲು: ಇಷ್ಟು ಸಾವಿರ ಕುಟುಂಬಗಳಿಗೆ ಇಷ್ಟು ಸಾವಿರ ಕಂಬಳಿ. ಸುಳ್ಳೇನೂ ಇಲ್ಲ ಅದರಲ್ಲಿ. ಆದರೆ ಆ ಸೀಮೆಯಲ್ಲಿ ಚಳಿ ನವೆಂಬರಿಗೇ ಕಾಲಿಟ್ಟಿರುತ್ತದೆ, ಮಳೆ ಅದಕ್ಕೂ ಮುಂಚೆ. ಹೋದ ವರ್ಷ ಕೊಟ್ಟ ಕಂಬಳಿ ಏನಾಯಿತು ಎಂದು ಆ ಸಾಲು ಹೇಳುವುದಿಲ್ಲ. ಬಹಳ ಸಲ ಅದು ಡೇರೆಯೊಳಗೇ ಇರುತ್ತದೆ, ನೆಲಕ್ಕೆ ಹಾಸಿ ತೇವ ಕುಡಿದು ಕರಿಕಟ್ಟಿ.

ಕಂಬಳಿಯನ್ನು ಎಣಿಸುವುದು ಸುಲಭ, ಹೊರುವುದು ಸುಲಭ, ದಾನಿಗೆ ತೋರಿಸುವುದೂ ಸುಲಭ. ಹಾಗಾಗಿ ಚಳಿಗಾಲದ ನೆರವೆಂದರೆ ಕಂಬಳಿ ಎಂದಾಗಿಬಿಟ್ಟಿದೆ. ಈ ಕೆಲಸ ಬಲ್ಲವರನ್ನು ಕೇಳಿದರೆ ಸರದಿ ಬೇರೆಯೇ ಇದೆ: ಮೊದಲು ನೀರು ಒಳಗೆ ಬರದಂತೆ ನೋಡು, ಆಮೇಲೆ ನೆಲ, ಆಮೇಲೆ ಗಾಳಿ, ಆಮೇಲೆ ಬೆಂಕಿ, ಇಷ್ಟಾದ ಮೇಲೆ ಕಂಬಳಿ. ಮೊದಲಿನ ಎರಡನ್ನು ಬಿಟ್ಟು ಕೊನೆಯದರಿಂದ ಶುರುಮಾಡಿದರೆ ಎಷ್ಟು ಕೊಟ್ಟರೂ ಸಾಲುವುದಿಲ್ಲ.

ಕಂಬಳಿಯ ಲೆಕ್ಕವನ್ನೇ ನೋಡಿ. ದೊಡ್ಡ ಸಂಸ್ಥೆಗಳು ಕೊಳ್ಳುವಾಗ ಬೆಚ್ಚಗಿನ ಗುಣವನ್ನು ಟಾಗ್ ಎಂಬ ಅಳತೆಯಲ್ಲಿ ಕೇಳುತ್ತವೆ. ಸಾಧಾರಣ ಹವೆಗೆ 2.5 ಟಾಗ್, ಕಡುಚಳಿಗೆ 4 ಟಾಗ್. ಒಂದೂವರೆ ಮೀಟರ್ ಅಗಲ, ಎರಡು ಮೀಟರ್ ಉದ್ದ. ಆದರೆ ಬೆಚ್ಚಗಿಡುವುದು ದಾರವಲ್ಲ, ದಾರದ ನಡುವೆ ನಿಂತ ಗಾಳಿ. ಮೈಮೇಲೆ ಹೊದ್ದಾಗ ಆ ಗಾಳಿ ಉಳಿಯುತ್ತದೆ. ಮೈ ಕೆಳಗೆ ಹಾಸಿಕೊಂಡರೆ ಭಾರಕ್ಕೆ ಒತ್ತಿ ಹೋಗುತ್ತದೆ, 4 ಟಾಗಿನ ಕಂಬಳಿ ಬರೀ ದಪ್ಪ ಬಟ್ಟೆಯಾಗುತ್ತದೆ. ಒದ್ದೆಯಾದರೆ ಇನ್ನೂ ಕೆಟ್ಟದ್ದು, ಗಾಳಿಯ ಜಾಗದಲ್ಲಿ ನೀರು ಕೂತು ಮೈಯ ಶಾಖವನ್ನೇ ಎಳೆಯುತ್ತದೆ. ಆರು ಜನರ ಮನೆಗೆ ಆರು ಕಂಬಳಿ ಕೊಟ್ಟರೆ ಮೂರು ಹಾಸಲು, ಮೂರು ಹೊದೆಯಲು ಹೋಗುತ್ತವೆ. ಪಟ್ಟಿಯಲ್ಲಿ ಮಾತ್ರ ಆರೂ ಹೊದಿಕೆಯೇ.

(ಈ ಕಂಬಳಿಗಳಿಗೂ ನಮಗೂ ಹಳೆಯ ನಂಟಿದೆ. ಹರಿಯಾಣದ ಪಾಣಿಪತ್‌ನಲ್ಲಿ ಶ್ರೀಮಂತ ದೇಶಗಳಿಂದ ಬಂದ ಹಳೆಯ ಉಣ್ಣೆ ಬಟ್ಟೆಯನ್ನು ಚಿಂದಿಮಾಡಿ, ಮತ್ತೆ ನೂಲು ತೆಗೆದು ನೇಯ್ದ ಶಾಡಿ ಕಂಬಳಿ ದಶಕಗಳ ಕಾಲ ಅಂತರರಾಷ್ಟ್ರೀಯ ಪರಿಹಾರಕ್ಕೆ ಹೋಗುತ್ತಿತ್ತು. ಆಮೇಲೆ ಪಾಲಿಯೆಸ್ಟರ್ ಫ್ಲೀಸ್ ಬಂದು ಅದರ ಜಾಗ ಹಿಡಿಯಿತು. ಫ್ಲೀಸು ಹಗುರ, ಬೇಗ ಒಣಗುತ್ತದೆ. ಒಲೆಯ ಕಿಡಿ ಬಿದ್ದರೆ ಮಾತ್ರ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ಹಾಗಲ್ಲ, ಕರಿಯಾಗಿ ಆರಿಹೋಗುತ್ತದೆ. ಡೇರೆಯೊಳಗೆ ಒಲೆ ಇಟ್ಟುಕೊಳ್ಳುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.)

ನೀರು ಮತ್ತು ನೆಲ

ಬೆಕಾ ಕಣಿವೆ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ, ಎರಡೂ ಕಡೆ ಹಿಮ ಬೀಳುವ ಬೆಟ್ಟಸಾಲು, ನಡುವೆ ಲಿತಾನಿ ನದಿ. ಹೊಲದ ಮಣ್ಣಿನ ಮೇಲೆ, ಜಮೀನಿನ ಯಜಮಾನನಿಗೆ ಬಾಡಿಗೆ ಕಟ್ಟಿ, ಸಿರಿಯನ್ನರು ಬಿಡಾರ ಹಾಕಿದ್ದಾರೆ. ಮರದ ರೀಪರಿನ ಚೌಕಟ್ಟು, ಅದಕ್ಕೆ ಟಾರ್ಪಾಲು, ಅದರ ಮೇಲೆ ಬೈರೂತಿನ ರಸ್ತೆಬದಿಯಿಂದ ಇಳಿಸಿದ ಜಾಹೀರಾತಿನ ಫ್ಲೆಕ್ಸು, ಹಾರದಂತೆ ಮೇಲೆ ಹಳೆ ಟೈರು. ನಮ್ಮಲ್ಲಿ ಶಾಸಕರ ಹುಟ್ಟುಹಬ್ಬದ ಫ್ಲೆಕ್ಸು ಮಾರನೆಯ ವಾರ ಕೊಟ್ಟಿಗೆಯ ಮೇಲೇರುವ ಹಾಗೆಯೇ. ಫ್ಲೆಕ್ಸು ಮಳೆ ತಡೆಯುತ್ತದೆ, ಒಂದೆರಡು ಬೇಸಿಗೆ ಕಳೆದರೆ ಬಿಸಿಲಿಗೆ ಸೆಟೆದು ಮಡಿಕೆಯಲ್ಲಿ ಸೀಳುತ್ತದೆ. ಸೀಳು ಗೊತ್ತಾಗುವುದು ಮೊದಲ ಮಳೆಗೆ.

2019ರ ಜನವರಿಯಲ್ಲಿ ನೋರ್ಮಾ ಎಂಬ ಬಿರುಗಾಳಿ ಬಂದಾಗ ಲಿತಾನಿ ಉಕ್ಕಿ ಈ ಬಿಡಾರಗಳ ಒಳಗೆ ಹರಿಯಿತು. ಹಾಸಿಗೆ, ಅಕ್ಕಿಚೀಲ, ಮಕ್ಕಳ ಶಾಲೆಪುಸ್ತಕ ಎಲ್ಲ ಕೊಳೆನೀರಲ್ಲಿ ತೇಲಿದವು. ಜನ ಮೊಣಕಾಲುದ್ದ ನೀರಿನಲ್ಲಿ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೊರಬಂದರು. ಅಂಥ ರಾತ್ರಿಯ ಮಾರನೆ ದಿನ ಹೊಸ ಕಂಬಳಿ ಕೊಡಲೇಬೇಕು, ಬೇರೆ ದಾರಿ ಇಲ್ಲ. ಆದರೆ ಬಿಡಾರಗಳು ಮುಳುಗುವುದು ನದಿ ಉಕ್ಕಿದಾಗ ಮಾತ್ರವಲ್ಲ. ಸುತ್ತಲ ನೀರಿಗೆ ಹೋಗಲು ದಾರಿಯಿಲ್ಲದಿದ್ದರೂ ಮುಳುಗುತ್ತವೆ.

ಡೇರೆಯ ಸುತ್ತ ಕಾಲುವೆ ತೋಡಬೇಕೆಂದು ಕೈಪಿಡಿಗಳು ಹೇಳುತ್ತವೆ. ಒಬ್ಬೊಬ್ಬರೂ ತಂತಮ್ಮ ಡೇರೆಗೆ ತೋಡಿಕೊಳ್ಳುತ್ತಾರೆ. ಆ ಕಾಲುವೆಯನ್ನು ಇಳಿಜಾರಿನ ದೊಡ್ಡ ಚರಂಡಿಗೆ ಕೂಡಿಸದಿದ್ದರೆ ಅದು ಕೋಟೆಯ ಕಂದಕ. ನೀರು ತುಂಬಿ ನಿಂತು, ಪಕ್ಕದ ಮಣ್ಣಿನೊಳಗೆ ಇಂಗಿ, ಒಳಗಿನ ನೆಲವನ್ನು ಕೆಳಗಿನಿಂದ ನೆನೆಸುತ್ತದೆ. ದೊಡ್ಡ ಚರಂಡಿ ಯಾರೊಬ್ಬರ ಮನೆಯದೂ ಅಲ್ಲ, ಜಮೀನಿನ ಯಜಮಾನ ತನ್ನ ಹೊಲ ಸೀಳಲು ಒಪ್ಪಬೇಕು, ಅದರ ಬಾಯಿ ಪಕ್ಕದವನ ಹೊಲಕ್ಕೆ ಬೀಳಬಾರದು. ಹೀಗೆ ಅತಿ ಅಗ್ಗದ ಕೆಲಸ ಅತಿ ಕಷ್ಟದ ಮಾತುಕತೆಯಾಗುತ್ತದೆ. ಇದರ ಜೊತೆಗೇ ಅಕ್ಟೋಬರಿನೊಳಗೆ ಪಾಯಿಖಾನೆ ಗುಂಡಿಗಳನ್ನು ಬರಿದುಮಾಡಿಸಬೇಕು. ಮರೆತರೆ ಮೊದಲ ನೆರೆಗೇ ಗುಂಡಿ ಉಕ್ಕಿ ಅದೇ ನೀರು ಹಾಸಿಗೆಗೆ ಬರುತ್ತದೆ.

ಇನ್ನು ನೆಲ. ಡೇರೆ ಎಬ್ಬಿಸುವ ಮೊದಲೇ ಜಲ್ಲಿ ಹಾಸಿ ಎತ್ತರಿಸುವುದು ಸರಿಯಾದ ಕ್ರಮ. ನಾಲ್ಕಕ್ಕೆ ಆರು ಮೀಟರಿನ ಜಾಗಕ್ಕೆ 15 ಸೆಂಟಿಮೀಟರ್ ಜಲ್ಲಿ ಅಂದರೆ 3.6 ಘನ ಮೀಟರು, ಒಂದು ಸಣ್ಣ ಟಿಪ್ಪರ್ ಲೋಡು. ಸೆಪ್ಟೆಂಬರಿನಲ್ಲಿ ಟಿಪ್ಪರು ಡೇರೆಯ ಬಾಗಿಲವರೆಗೆ ಬರುತ್ತದೆ. ಜನವರಿಯಲ್ಲಿ ಮುಖ್ಯರಸ್ತೆ ಬಿಟ್ಟು ಇಳಿದರೆ ಅಚ್ಚಿನವರೆಗೆ ಹೂತುಕೊಳ್ಳುತ್ತದೆ. ಜಲ್ಲಿಯ ಮೇಲೆ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಅಂಚು ಗೋಡೆಯ ಕಡೆ ಒಂದು ಗೇಣು ಮೇಲಕ್ಕೆ ಮಡಿಸಿ. ಅದರ ಮೇಲೆ ಸರಕಿನ ಮರದ ಪ್ಯಾಲೆಟ್ಟೋ ಪ್ಲೈವುಡ್ಡೋ. ಆಮೇಲೆ ಫೋಮು, ಮೇಲೆ ಚಾಪೆ. ಫೋಮಿನಲ್ಲೂ ಎರಡು ಜಾತಿ. ಹಾಸಿಗೆಯೊಳಗಿನ ಸ್ಪಂಜು ನೀರು ಹೀರಿದರೆ ಚಳಿಗಾಲವಿಡೀ ಒಣಗುವುದಿಲ್ಲ. ಒಳಗಿನ ರಂಧ್ರಗಳು ಮುಚ್ಚಿದ, ಗಟ್ಟಿಯಾದ, ತೆಳು ಫೋಮು ನೀರು ಕುಡಿಯುವುದಿಲ್ಲ, ಮೈಭಾರಕ್ಕೆ ಅಷ್ಟಾಗಿ ಒತ್ತುವುದೂ ಇಲ್ಲ. ನೋಡಲು ಮೊದಲನೆಯದೇ ದಪ್ಪ, ಮೆತ್ತಗೆ, ಉದಾರ. ಹಂಚಿಕೆಯಲ್ಲಿ ಅದೇ ಹೆಚ್ಚು ಬರುತ್ತದೆ. ಯಾವುದೇ ಇರಲಿ, ಬೆಳಿಗ್ಗೆ ಎದ್ದು ಮಗುಚಿ ನಿಲ್ಲಿಸದಿದ್ದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಹಿಮ ಬಿದ್ದರೆ ಸೂರಿನ ಪ್ರಶ್ನೆಯೂ ಬರುತ್ತದೆ. 2022ರ ಜನವರಿಯಲ್ಲಿ ಉತ್ತರ ಸಿರಿಯಾದ ಅಫ್ರೀನ್ ಕಡೆ ಆದದ್ದು ಅದೇ, ರಾತ್ರಿ ಬಿದ್ದ ಹಿಮದ ಭಾರಕ್ಕೆ ಡೇರೆಗಳು ಮಲಗಿದವರ ಮೇಲೇ ಕುಸಿದವು. ಒದ್ದೆ ಹಿಮ ಘನ ಮೀಟರಿಗೆ 200 ಕಿಲೋ ಎಂದಿಟ್ಟುಕೊಂಡರೂ, 24 ಚದರ ಮೀಟರ್ ಸೂರಿನ ಮೇಲೆ ಬರೀ 10 ಸೆಂಟಿಮೀಟರ್ ಬಿದ್ದರೆ ಹತ್ತಿರ ಹತ್ತಿರ ಅರ್ಧ ಟನ್. ಆ ಕಡ್ಡಿಗಂಬಗಳು ಅದಕ್ಕಾಗಿ ಮಾಡಿದವಲ್ಲ. ರಾತ್ರಿ ಎರಡು ಮೂರು ಸಲ ಎದ್ದು ಒಳಗಿನಿಂದ ಪೊರಕೆಯ ಹಿಡಿಯಲ್ಲಿ ಸೂರನ್ನು ತಟ್ಟಿ ಹಿಮ ಜಾರಿಸಬೇಕು. ಗಂಡಸರಿಲ್ಲದ, ಬರೀ ಮುದುಕಿ ಮಕ್ಕಳಿರುವ ಡೇರೆಗೆ ಆ ಕೆಲಸ ಯಾರದು ಎಂದು ಮೊದಲೇ ಗೊತ್ತುಮಾಡಿಟ್ಟ ಶಿಬಿರಗಳಲ್ಲಿ ಹಾನಿ ಕಡಿಮೆ.

ಒಲೆ

ಸೋಬಿಯಾ ಎಂಬ ತಗಡಿನ ಒಲೆ ಆ ಸೀಮೆಯ ಪ್ರತಿ ಮನೆಯದ್ದು, ಯುದ್ಧಕ್ಕೂ ಹಳೆಯದು. ಪಕ್ಕದಲ್ಲಿ ಸಣ್ಣ ಡೀಸೆಲ್ ಡಬ್ಬ, ಅದರಿಂದ ತೆಳು ಕೊಳವೆ, ತಿರುಗಿಸುವ ಬಿರಡೆ. ಹನಿಹನಿಯಾಗಿ ಎಣ್ಣೆ ಒಳಗಿನ ಬಟ್ಟಲಿಗೆ ಬಿದ್ದು ಉರಿಯುತ್ತದೆ. ಮೇಲೆ ಚಹಾ ಕುದಿಯುತ್ತದೆ, ಬದಿಯಲ್ಲಿ ಒದ್ದೆ ಕಾಲುಚೀಲ ಒಣಗುತ್ತದೆ. ಕಲ್ಲಿನ ಮನೆಯೊಳಗೆ ಅದು ಒಳ್ಳೆಯ ವಸ್ತು. ಡೇರೆಯೊಳಗೆ ಅದಕ್ಕೆ ನಾಲ್ಕಾರು ಏರ್ಪಾಡು ಬೇಕು. ಅಡಿಯಲ್ಲಿ ಇಟ್ಟಿಗೆ ಅಥವಾ ಮರಳು ತುಂಬಿದ ತಗಡಿನ ತಟ್ಟೆ. ಬಟ್ಟೆಯಿಂದ ಒಂದು ಮೀಟರಿನಷ್ಟು ದೂರ. ಹೊಗೆಕೊಳವೆ ಗೋಡೆ ದಾಟುವಲ್ಲಿ ಬಟ್ಟೆಯನ್ನು ಅಗಲವಾಗಿ ಕತ್ತರಿಸಿ, ಆ ಕಿಂಡಿಗೆ ಲೋಹದ ಫಲಕ. ಕೊಳವೆಯ ತುದಿ ಡೇರೆಯ ನೆತ್ತಿಗಿಂತ ಅರ್ಧ ಮೀಟರಾದರೂ ಮೇಲೆ, ತುದಿಗೆ ಟೋಪಿ. ಫಲಕವೂ ಟೋಪಿಯೂ ಒಲೆಯ ಬೆಲೆಗೆ ಹೋಲಿಸಿದರೆ ಬಿಡಿಗಾಸು. ಟೆಂಡರಿನಲ್ಲಿ ಬಿಟ್ಟುಹೋಗುವುದೂ ಅವೇ. ಟೋಪಿ ಇಲ್ಲದ ಕೊಳವೆಗೆ ಗಾಳಿ ಎದುರಾದರೆ ಹೊಗೆ ಒಳಕ್ಕೇ ತಿರುಗುತ್ತದೆ.

ಎಣ್ಣೆಯದು ಇನ್ನೊಂದು ಕತೆ. ಉತ್ತರ ಸಿರಿಯಾದಲ್ಲಿ ತರ್ಹೀನ್‌ನಂಥ ಕಡೆ ಬಯಲಿನಲ್ಲೇ ಕಚ್ಚಾ ಎಣ್ಣೆ ಕಾಯಿಸಿ ಇಳಿಸುವ ಭಟ್ಟಿಗಳಿವೆ. ಅಲ್ಲಿಯ ಡೀಸೆಲಿನಲ್ಲಿ ಪೆಟ್ರೋಲಿನಂಥ ಹಗುರ ಅಂಶ ಉಳಿದಿರುತ್ತದೆ, ಒಲೆ ಹೊತ್ತಿಸುವಾಗ ಭುಗ್ಗೆನ್ನುತ್ತದೆ. ಉರಿ ಆರಿದರೂ ಹನಿ ಬೀಳುತ್ತಲೇ ಇರುತ್ತದೆ. ಬಟ್ಟಲು ತುಂಬಿದ್ದು ನೋಡದೆ ಕಡ್ಡಿ ಗೀರಿದರೂ ಅದೇ ಗತಿ. ಸುಟ್ಟಗಾಯದ ವಾರ್ಡಿಗೆ ಬರುವ ಮಕ್ಕಳಲ್ಲಿ ಹಲವರು ಹೀಗೆ ಬಂದವರು, ಇಲ್ಲವೇ ಒಲೆಯ ಮೇಲಿನ ನೀರಿನ ಪಾತ್ರೆ ಮಗುಚಿಕೊಂಡವರು. ಡೀಸೆಲ್ ಕೈಗೆ ಎಟುಕದಿದ್ದಾಗ ಆಲಿವ್ ಎಣ್ಣೆ ತೆಗೆದ ಹಿಂಡಿ, ಪಿಸ್ತಾ ಸಿಪ್ಪೆ, ಆಲಿವ್ ಕೊಂಬೆ. ಅವೂ ಮುಗಿದರೆ ಹಳೆ ಚಪ್ಪಲಿ, ಪ್ಲಾಸ್ಟಿಕ್ ಚೀಲ, ಟೈರಿನ ಚೂರು. ಹಿಂಡಿ ಒಣಗಿದ್ದರೆ ಚೆನ್ನಾಗಿ ಉರಿಯುತ್ತದೆ, ಹಸಿಯಾಗಿದ್ದರೆ ಬರೀ ಹೊಗೆ.

2019ರ ಡಿಸೆಂಬರಿನಿಂದ 2020ರ ಫೆಬ್ರವರಿವರೆಗೆ ಇದ್ಲಿಬ್ ಮೇಲೆ ಅಸಾದ್ ಸೇನೆ ನಡೆಸಿದ ದಾಳಿಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ತುರ್ಕಿಯ ಗಡಿಯ ಕಡೆ ಸರಿದರು. ಆಲಿವ್ ತೋಟಗಳಲ್ಲಿ ಮರದಿಂದ ಮರಕ್ಕೆ ಬಟ್ಟೆ ಕಟ್ಟಿ ಮಲಗಿದವರೂ ಇದ್ದರು. ಆ ಫೆಬ್ರವರಿಯಲ್ಲಿ ಕಿಲ್ಲಿ ಎಂಬ ಊರಿನ ಬಳಿ ಒಂದು ಡೇರೆಯಲ್ಲಿ ಒಂದೇ ಮನೆಯ ನಾಲ್ವರು, ಮಕ್ಕಳೂ ಸೇರಿ, ಬೆಳಗಾಗುವಷ್ಟರಲ್ಲಿ ಉಸಿರುಕಟ್ಟಿ ಸತ್ತಿದ್ದರು. ಬೆಂಕಿ ಹತ್ತಿರಲಿಲ್ಲ. ಚಳಿಗೆ ಎಲ್ಲ ಕಿಂಡಿ ಮುಚ್ಚಿ, ಕೆಟ್ಟ ಇಂಧನ ಉರಿಸಿಕೊಂಡು ಮಲಗಿದ್ದರು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಮೊದಲು ತಲೆನೋವು, ವಾಕರಿಕೆ, ಮಂಪರು. ನೆಗಡಿ ಜ್ವರ ಇರಬೇಕೆಂದು ಇನ್ನೊಂದು ಹೊದಿಕೆ ಹೊದಿಸುತ್ತಾರೆ.

ಕಿಂಡಿ ಮುಚ್ಚಬೇಡಿ ಎಂದು ಕರಪತ್ರ ಹಂಚುವುದು ಸುಲಭ. ಯಾಕೆ ಮುಚ್ಚುತ್ತಾರೆ ಎಂದು ಕೇಳಿದರೆ ಮತ್ತೆ ನೆಲಕ್ಕೇ ಬರುತ್ತೇವೆ. ಐದು ಜನ ಒಂದು ರಾತ್ರಿ ಮಲಗಿದರೆ ಉಸಿರು, ಬೆವರಿನಿಂದ ಒಂದೆರಡು ಲೀಟರ್ ನೀರು ಹಬೆಯಾಗಿ ಹೊರಬರುತ್ತದೆ. ಒಂಟಿಪದರದ ತಣ್ಣನೆ ಪ್ಲಾಸ್ಟಿಕ್ಕಿಗೆ ತಾಗಿ ಅದು ಹನಿಯಾಗಿ ಹಾಸಿಗೆಗೇ ತೊಟ್ಟಿಕ್ಕುತ್ತದೆ. ಮೇಲಿನ ಕಿಂಡಿ ತೆರೆದಿದ್ದರೆ ಹಬೆಯೂ ವಿಷವೂ ಹೋಗುತ್ತವೆ, ಜೊತೆಗೆ ಶಾಖವೂ. ಒಳಗೆ ಕೈಯಗಲ ಗಾಳಿ ಬಿಟ್ಟು ಇನ್ನೊಂದು ಪದರದ ಬಟ್ಟೆ ಕಟ್ಟಿದರೆ, ನೆಲ ಒಣಗಿದ್ದರೆ, ಆ ಕಿಂಡಿ ತೆರೆದಿಟ್ಟೂ ಮಲಗಬಹುದು. ಅವೆರಡೂ ಇಲ್ಲದವರಿಗೆ ತೆರೆದ ಕಿಂಡಿಯ ಉಪದೇಶ ಕೇಳಿಸುವುದಿಲ್ಲ, ಕೇಳಿಸಬೇಕೆಂದು ನಿರೀಕ್ಷಿಸುವುದೂ ತಪ್ಪು.

ಬೆಟ್ಟದ ಮೇಲಿನ ಗೆರೆ

ಹಾಗಾದರೆ ದುಡ್ಡೇ ಕೊಟ್ಟುಬಿಡಬಹುದಲ್ಲ? ಕೊಟ್ಟಿದ್ದಾರೆ. 2013ರ ನವೆಂಬರಿನಿಂದ 2014ರ ಏಪ್ರಿಲ್‌ವರೆಗೆ ಲೆಬನಾನಿನಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಅದರ ಜೊತೆಗಾರರು 87,700 ನೋಂದಾಯಿತ ಸಿರಿಯನ್ನರಿಗೆ ಎಟಿಎಂ ಕಾರ್ಡಿನ ಮೂಲಕ 575 ಡಾಲರ್ ಕೊಟ್ಟರು, ಬೆಚ್ಚಗಿರಲೆಂದೇ. ಎಲ್ಲರಿಗೂ ಸಾಲದ್ದರಿಂದ ಒಂದು ಗೆರೆ ಎಳೆದರು: 500 ಮೀಟರಿಗಿಂತ ಎತ್ತರದಲ್ಲಿರುವವರಿಗೆ ಮೊದಲು. ಆ ಗೆರೆಯ ಸ್ವಲ್ಪ ಮೇಲಿದ್ದವರನ್ನೂ ಸ್ವಲ್ಪ ಕೆಳಗಿದ್ದವರನ್ನೂ ಆಮೇಲೆ ಹೋಲಿಸಿ ನೋಡಿದಾಗ ಚೆನ್ನಾದ ವಿಷಯಗಳು ಸಿಕ್ಕವು. ದುಡ್ಡು ಪಡೆದ ಮನೆಗಳಲ್ಲಿ ಮಕ್ಕಳು ದುಡಿಯಲು ಹೋಗುವುದು ತಗ್ಗಿತ್ತು, ಶಾಲೆಗೆ ಹೋಗುವುದು ಹೆಚ್ಚಿತ್ತು, ಸಂತೆಯಲ್ಲಿ ಬೆಲೆಯೇನೂ ಏರಿರಲಿಲ್ಲ. ಬೆಚ್ಚಗಿದ್ದರೇ ಎಂದರೆ, ಹೆಚ್ಚುಕಡಿಮೆ ಅರ್ಧದಷ್ಟು ಜನ ಒಲೆಗೆ ಎಣ್ಣೆ ಸಾಲಲಿಲ್ಲ ಎಂದರು. ದುಡ್ಡಿನ ಬಹುಪಾಲು ಊಟಕ್ಕೂ ನೀರಿಗೂ ಹೋಗಿತ್ತು.

ಇದನ್ನು ದುರುಪಯೋಗ ಎನ್ನುವವರಿದ್ದಾರೆ. ಹಸಿದ ಮಗುವಿನ ಮುಂದೆ ಡೀಸೆಲ್ ಕೊಳ್ಳುವ ತಾಯಿ ಇಲ್ಲ, ಅಷ್ಟೇ. ಒಂದು ಸೋಬಿಯಾ ಗಂಟೆಗೆ ಅರ್ಧ ಲೀಟರ್ ಕುಡಿಯುತ್ತದೆ ಎಂದುಕೊಳ್ಳಿ. ದಿನಕ್ಕೆ ಎಂಟು ಗಂಟೆ ಉರಿಸಿದರೆ ತಿಂಗಳಿಗೆ 120 ಲೀಟರ್. ಮನೆಯ ಉಳಿದೆಲ್ಲ ಖರ್ಚಿಗೆ ಏನೂ ಇಲ್ಲದಾಗ ಚಳಿಗೆಂದು ಕೊಟ್ಟ ದುಡ್ಡು ಚಳಿಗೇ ಹೋಗಲಿ ಎಂದು ಬಯಸುವುದು ಲೆಕ್ಕ ಬರದವರ ಮಾತು. ಆದರೂ ಆಯ್ಕೆ ಕೊಟ್ಟರೆ ದುಡ್ಡೇ ಮೇಲು. ಹಳೆ ಬಟ್ಟೆ ಕಳಿಸುವುದಕ್ಕಿಂತಲಂತೂ ನೂರು ಪಾಲು ಮೇಲು. ಬಂದ ಮೂಟೆಯಲ್ಲಿ ಬೇಸಿಗೆಯ ಅಂಗಿ, ಜೋಡಿ ತಪ್ಪಿದ ಬೂಟು, ಹೈಹೀಲ್ಡು. ವಿಂಗಡಿಸುವ ಕೂಲಿಗೆ ಹೊಸ ಬಟ್ಟೆಯೇ ಬರುತ್ತಿತ್ತು. ನಿಜವಾಗಿ ಸಿಗದೆ ಒದ್ದಾಡುವುದು ಮಕ್ಕಳ ಮುಚ್ಚಿದ, ನೀರು ಹೋಗದ ಬೂಟಿಗೆ, ಅದೂ ಸರಿಯಾದ ಅಳತೆಯದಕ್ಕೆ. ಅದನ್ನು ಆ ತಾಯಿ ಊರಿನ ಅಂಗಡಿಯಲ್ಲಿ ಕಾಲಿಗೆ ಹಾಕಿ ನೋಡಿಯೇ ಕೊಳ್ಳಬೇಕು.

ದಾನಿಯ ದುಡ್ಡು ಸಂಸ್ಥೆಯ ಕೈಗೆ ಯಾವಾಗ ಬಂತು ಎನ್ನುವುದೂ ಅಷ್ಟೇ ಮುಖ್ಯ. ನವೆಂಬರ್ ಒಂದಕ್ಕೆ ಹಂಚಬೇಕೆಂದರೆ ಸಾಮಾನು ಅಕ್ಟೋಬರಿಗೆ ಗೋದಾಮಿನಲ್ಲಿರಬೇಕು. ಹಡಗಿಗೆ ಒಂದು ತಿಂಗಳ ಮೇಲೆ, ತಯಾರಿಗೆ, ಟೆಂಡರಿಗೆ ಇನ್ನೆರಡು ತಿಂಗಳು. ಅಂದರೆ ಜೂನ್ ಜುಲೈಯ ಬಿಸಿಲಿನಲ್ಲಿ ದಾನಿ ಹಣ ಕೊಟ್ಟಿರಬೇಕು. ದಾನಿಯ ಮನಸ್ಸು ಕರಗುವುದು ಮೊದಲ ಹಿಮದ ಫೋಟೋ ನೋಡಿದ ಮೇಲೆ. ಇದ್ಲಿಬಿಗೆ ಇನ್ನೂ ಒಂದು ಕುತ್ತಿತ್ತು. ತುರ್ಕಿಯಿಂದ ಗಡಿ ದಾಟಿಸಿ ನೆರವು ಒಯ್ಯಲು 2014ರಲ್ಲಿ ಭದ್ರತಾ ಮಂಡಳಿ ಕೊಟ್ಟ ಅನುಮತಿ ಕಾಲಕಾಲಕ್ಕೆ ನವೀಕರಣವಾಗಬೇಕಿತ್ತು, ಗಡುವು ಜನವರಿ 10ಕ್ಕೋ ಜುಲೈ 10ಕ್ಕೋ ಬೀಳುತ್ತಿತ್ತು. 2020ರ ಜನವರಿಯಲ್ಲಿ, ಜನ ಆಲಿವ್ ಮರದ ಕೆಳಗಿದ್ದಾಗಲೇ, ಜೋರ್ಡನ್, ಇರಾಕಿನವೂ ಸೇರಿ ಇದ್ದ ನಾಲ್ಕು ಗಡಿದಾರಿಗಳನ್ನು ತುರ್ಕಿಯ ಎರಡಕ್ಕೆ ಇಳಿಸಿದರು. ಜುಲೈಯಲ್ಲಿ ಬಾಬ್ ಅಲ್ ಹವಾ ಒಂದೇ ಉಳಿಯಿತು. ತುರ್ಕಿಯ ಲಾರಿಯಿಂದ ಸಿರಿಯಾದ ಲಾರಿಗೆ ಪ್ರತಿ ಮೂಟೆಯನ್ನೂ ಇಳಿಸಿ ಏರಿಸುವ ಆ ಒಂದೇ ಬಾಗಿಲಿನಲ್ಲಿ ಹಿಟ್ಟು, ಔಷಧ, ಕಂಬಳಿ ಎಲ್ಲವೂ ಸರದಿ ನಿಲ್ಲಬೇಕಾಯಿತು.

ಐದು ವರಸೆ

ಇಷ್ಟೆಲ್ಲ ಗೊತ್ತಿದ್ದೂ ಪ್ರತಿ ವರ್ಷ ಅದೇ ಪ್ಲಾಸ್ಟಿಕ್, ಅದೇ ರೀಪರ್, ಅದೇ ಕಂಬಳಿ ಯಾಕೆ? ಬುದ್ಧಿ ಸಾಲದೆ ಅಲ್ಲ. ಲೆಬನಾನು ಸಿರಿಯನ್ನರಿಗೆ ಅಧಿಕೃತ ಶಿಬಿರಗಳನ್ನು ತೆರೆಯಲಿಲ್ಲ. 1948ರಲ್ಲಿ ಬಂದ ಪ್ಯಾಲೆಸ್ಟೀನಿಯರ ಡೇರೆಗಳು ಮನೆಗಳಾಗಿ, ಮನೆಗಳು ಕೇರಿಗಳಾಗಿ ಉಳಿದದ್ದು ಆ ದೇಶದ ನೆನಪಿನಲ್ಲಿದೆ. ಹಾಗಾಗಿ ಮರ ಮತ್ತು ಪ್ಲಾಸ್ಟಿಕ್ ಇರಲಿ, ಸಿಮೆಂಟು ಬೇಡ. ಸಿರಿಯಾದ ಗಡಿಯ ಅರ್ಸಾಲ್ ಬೆಕಾದ ತಳಕ್ಕಿಂತಲೂ ನೂರಾರು ಮೀಟರ್ ಎತ್ತರದ ಊರು, ಹಿಮ ಗ್ಯಾರಂಟಿ. ಅಲ್ಲಿಯ ಸಿರಿಯನ್ನರು ಕೆಲವರು ಪ್ಲಾಸ್ಟಿಕ್ಕಿನ ಜಾಗದಲ್ಲಿ ಸಿಮೆಂಟ್ ಬ್ಲಾಕಿನ ಗೋಡೆ ಎಬ್ಬಿಸಿಕೊಂಡರು. 2019ರ ಬೇಸಿಗೆಯಲ್ಲಿ ಆಜ್ಞೆ ಬಂತು: ಗೋಡೆ ಐದು ವರಸೆ ಬ್ಲಾಕಿಗಿಂತ ಎತ್ತರ ಇರಬಾರದು, ಅಂದರೆ ಒಂದು ಮೀಟರು, ಅದರ ಮೇಲಿನದ್ದು ಮರ, ಪ್ಲಾಸ್ಟಿಕ್. ಜುಲೈ ಒಂದು ಗಡುವು. ಸೇನೆ ಬಂದು ಬುಲ್ಡೋಜರ್ ಹಾಯಿಸುವುದಕ್ಕಿಂತ ತಾವೇ ಬಿಚ್ಚುವುದು ಮೇಲೆಂದು ಜನ ಸುತ್ತಿಗೆ ಹಿಡಿದು ಮೇಲಿನ ವರಸೆಗಳನ್ನು ಕೆಡವಿದರು. ಆಮೇಲೆ ನೆರವಿನ ಸಂಸ್ಥೆಗಳು ಮರವನ್ನೂ ಪ್ಲಾಸ್ಟಿಕ್ಕನ್ನೂ ತಂದುಕೊಟ್ಟವು, ಚಳಿಗಾಲದ ಸಿದ್ಧತೆ ಎಂಬ ತಲೆಬರಹದಡಿ.

ಆ ಸಂಸ್ಥೆಗಳನ್ನು ಬೈದು ಪ್ರಯೋಜನವಿಲ್ಲ, ಅನುಮತಿ ಅವರ ಕೈಯಲ್ಲಿರಲಿಲ್ಲ. ಆದರೆ ವಿಶ್ವಸಂಸ್ಥೆಯ ಕುಟುಂಬ ಡೇರೆಯ ಬಾಳಿಕೆಗೆ ಇಟ್ಟ ಕನಿಷ್ಠ ನಿರೀಕ್ಷೆ ಒಂದು ವರ್ಷ. ಬೆಕಾದಲ್ಲಿ, ಇದ್ಲಿಬಿನಲ್ಲಿ ಜನ ಹತ್ತು ಚಳಿಗಾಲ ಕಳೆದಿದ್ದಾರೆ. ನೆರವಿನ ಸಂಸ್ಥೆಗಳು ಕನಿಷ್ಠ ಮಟ್ಟಕ್ಕೆಂದು ನೋಡುವ ಸ್ಫಿಯರ್ ಕೈಪಿಡಿ, ಚಳಿ ಪ್ರದೇಶದಲ್ಲಿ, ಅಡುಗೆ ಸ್ನಾನ ಒಳಗೇ ಆಗುವುದಾದರೆ, ತಲೆಗೆ 4.5ರಿಂದ 5.5 ಚದರ ಮೀಟರ್ ಇರಲಿ ಎನ್ನುತ್ತದೆ. ವಿಶ್ವಸಂಸ್ಥೆಯ ಆ ಡೇರೆಯ ಮುಖ್ಯ ಕೋಣೆ 16 ಚದರ ಮೀಟರ್. ಮೂವರಿಗೆ ಸರಿ. ಎರಡು ಗೂಡುಗಳ ನಡುವೆ ಕನಿಷ್ಠ ಎರಡು ಮೀಟರ್ ಬಿಡಬೇಕು, ಬೆಂಕಿ ದಾಟದಂತೆ; ಜಾಗಕ್ಕೆ ಬಾಡಿಗೆ ಕೊಡುವವರು ಎರಡು ಮೀಟರನ್ನು ಖಾಲಿ ಬಿಡುವುದಿಲ್ಲ. ಇದ್ಲಿಬಿನಲ್ಲಿ ಕಡೆಕಡೆಗೆ ಬ್ಲಾಕಿನ ಒಂದೆರಡು ಕೋಣೆಯ ಮನೆಗಳು ಎದ್ದವು. ಅಲ್ಲಿ ಬೇರೆ ತೊಡಕು, ಕಟ್ಟಿದ ನೆಲ ಯಾರದ್ದು ಎಂಬುದು. ಓಡಿಹೋದ ಇನ್ನೊಬ್ಬನ ಹೊಲದ ಮೇಲೆ ನಿರಾಶ್ರಿತನಿಗೆ ಪಕ್ಕಾ ಮನೆ ಕಟ್ಟಿದರೆ ಒಂದು ಜಗಳ ತೀರಿಸಲು ಹೋಗಿ ಇನ್ನೊಂದು ಬಿತ್ತಿದ ಹಾಗೆ.

2024ರ ಡಿಸೆಂಬರಿನಲ್ಲಿ ಅಸಾದ್ ಆಡಳಿತ ಬಿದ್ದ ಮೇಲೆ ಜನ ಊರಿಗೆ ಮರಳತೊಡಗಿದ್ದಾರೆ, ಡೇರೆಯಲ್ಲೇ ಉಳಿದವರೂ ಇದ್ದಾರೆ. ಮರಳಿದವರ ಮನೆಗಳಲ್ಲಿ ಗೋಡೆ ನಿಂತಿದ್ದರೂ ಬಾಗಿಲಿಲ್ಲ, ಕಿಟಕಿಯಿಲ್ಲ, ವೈರು ನಲ್ಲಿ ಎಲ್ಲ ಕಿತ್ತು ಮಾರಿಹೋಗಿವೆ. ಇಡೀ ಮನೆ ದುರಸ್ತಿಗೆ ಯಾರ ಬಳಿಯೂ ಹಣವಿಲ್ಲ. ಇಂಥಲ್ಲಿ ಒಂದೇ ಕೋಣೆಯನ್ನು ಆರಿಸಿ ಮುಚ್ಚುವುದು ಕೆಲಸಕ್ಕೆ ಬರುವ ದಾರಿ, ಉಕ್ರೇನಿನಲ್ಲೂ ಗಾಜೊಡೆದ ಕಿಟಕಿಗಳಿಗೆ ಹಲಗೆ, ಪ್ಲಾಸ್ಟಿಕ್ ಬಡಿದು ಚಳಿಗಾಲ ದಾಟಿದವರಿದ್ದಾರೆ. ಮೇಲೆ ಇನ್ನೊಂದು ಮಹಡಿ ಇರುವ, ಬಿಸಿಲು ಬೀಳುವ ದಕ್ಷಿಣ ಬದಿಯ ಕೋಣೆ ಇದ್ದರೆ ಅದು. ಕಿಟಕಿಗೆ ರೀಪರಿನ ಚೌಕಟ್ಟು ಮಾಡಿ ಒಳಗೊಂದು ಹೊರಗೊಂದು ಪ್ಲಾಸ್ಟಿಕ್ ಹಾಳೆ, ನಡುವೆ ನಾಲ್ಕು ಬೆರಳು ಗಾಳಿ. ಹಾಳೆಯನ್ನು ಬರೀ ಮೊಳೆಗೆ ಸಿಕ್ಕಿಸಿದರೆ ಮೊದಲ ಗಾಳಿಗೇ ಹರಿಯುತ್ತದೆ, ಅಂಚನ್ನು ಎರಡು ಸುತ್ತು ಮಡಿಸಿ ಮೇಲೆ ಪಟ್ಟಿ ಇಟ್ಟು ಹೊಡೆಯಬೇಕು. ಕಟ್ಟಿದ ಕಿಟಕಿಯಲ್ಲೇ ಹೊಗೆಕೊಳವೆಗೊಂದು ತಗಡಿನ ಚೌಕ, ಮೇಲೆ ಮುಚ್ಚದ ಒಂದು ಅಂಗೈಯಗಲದ ಕಿಂಡಿ. ಬಾಗಿಲಿಗೆ ಒಳಗಿನಿಂದ ಚಿಲಕ, ಅದಿಲ್ಲದಿದ್ದರೆ ಹೆಂಗಸರು ರಾತ್ರಿ ಕಣ್ಣು ಮುಚ್ಚುವುದಿಲ್ಲ. ಆ ಕೋಣೆಗೆ ಕಾಲಿಡುವ ಮೊದಲು ನೆಲಬಾಂಬು, ಸಿಡಿಯದೆ ಉಳಿದ ಗುಂಡು ತೆಗೆಯುವವರು ನೋಡಿ ಹೋಗಿರಬೇಕು. ಒಡೆದ ಮನೆಯ ಕಸದ ಗುಡ್ಡೆಯಲ್ಲಿ ಸೌದೆ ಹುಡುಕಲು ಮಕ್ಕಳನ್ನು ಕಳಿಸುವುದು ನವೆಂಬರಿನಲ್ಲೇ ಶುರುವಾಗುತ್ತದೆ. ಅದಕ್ಕೆ ಮುಂಚೆ ಒಂದು ಗಾಡಿ ಸೌದೆ ಅಂಗಳಕ್ಕೆ ಬಂದು ಬೀಳಬೇಕು.